ದೊಡ್ಡ ಪಂದ್ಯಕ್ಕೆ ಬಂದೋಬಸ್ತ್ ಹಾಕುವುದು ಹೇಗೆ: ಗೇಟಿನ ಹೊರಗಿನಿಂದ ಶುರು ಮಾಡಿ

ದೊಡ್ಡ ಪಂದ್ಯಕ್ಕೆ ಮುಂಚೆ ನಡೆಯುವ ಭದ್ರತಾ ಸಭೆಯಲ್ಲಿ ಮೊದಲ ಅರ್ಧ ಗಂಟೆ ವಿಐಪಿ ಪಾಸ್ ವಿಚಾರಕ್ಕೇ ಹೋಗುತ್ತದೆ. ಆಮೇಲೆ ಪಾರ್ಕಿಂಗ್. ಆಮೇಲೆ ಬಾಂಬ್. ಟಿಕೆಟ್ ಕೊಂಡ ಜನ ಎಲ್ಲಿ ನಿಲ್ಲುತ್ತಾರೆ ಅನ್ನೋ ಮಾತು ಬರುವಷ್ಟರಲ್ಲಿ ಕಾಫಿ ಆರಿರುತ್ತದೆ, ದೊಡ್ಡ ಸಾಹೇಬರಿಗೆ ಇನ್ನೊಂದು ಮೀಟಿಂಗ್ ಇರುತ್ತದೆ. ನೀವು ಹೊಸ ಸಬ್‌ಇನ್‌ಸ್ಪೆಕ್ಟರ್ ಆಗಿರಬಹುದು, ಕ್ರೀಡಾ ಸಂಸ್ಥೆಯ ಕಾರ್ಯದರ್ಶಿ ಆಗಿರಬಹುದು. ಅಂಥ ಸಭೆಯಲ್ಲಿ ಕೂತರೆ ನೀವು ಮಾಡಬೇಕಾದ ಮೊದಲ ಕೆಲಸ ಈ ಕ್ರಮವನ್ನು ತಲೆಕೆಳಗು ಮಾಡುವುದು. ಮೊದಲು ರಸ್ತೆ, ಆಮೇಲೆ ಗೇಟು, ಆಮೇಲೆ ಒಳಗೆ. ಪಾಸ್ ಕೊನೆಗೆ.

ನಾನು ಪೊಲೀಸ್ ಇಲಾಖೆಯಲ್ಲಿದ್ದು ಇನ್‌ಸ್ಪೆಕ್ಟರ್ ಆಗಿ ನಿವೃತ್ತಳಾದವಳು. ಕ್ರಿಕೆಟ್ ಇದ್ದಾಗೆಲ್ಲ ನನ್ನ ಪಾಲಿಗೆ ಬರುತ್ತಿದ್ದದ್ದು ಹೆಂಗಸರ ಗೇಟು. ಆಟ ನೋಡಿದ್ದು ಕಮ್ಮಿ. ಒಳಗಿನ ಕೂಗು ಕೇಳಿಯೇ ಸಿಕ್ಸೋ ವಿಕೆಟ್ಟೋ ಅಂತ ಗೊತ್ತಾಗುತ್ತಿತ್ತು. ಹಾಗಾಗಿ ಇಲ್ಲಿರುವುದು ಗೇಟಿನಲ್ಲಿ ನಿಂತವಳ ಲೆಕ್ಕ, ಮೇಲಿನ ಬಾಕ್ಸಿನಲ್ಲಿ ಕೂತವರದ್ದಲ್ಲ.

ಯಾಕೆ ಹೊರಗಿನಿಂದ?

ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಅನ್ನೇ ನೋಡಿ. 2010ರ ಏಪ್ರಿಲ್ 17ರಂದು ಆರ್‌ಸಿಬಿ ಮತ್ತು ಮುಂಬೈ ಪಂದ್ಯಕ್ಕೆ ಸ್ವಲ್ಪ ಮುಂಚೆ ಬಾಂಬ್ ಸಿಡಿದದ್ದು ಸ್ಟೇಡಿಯಂನ ಗೋಡೆಯ ಹೊರಬದಿಯಲ್ಲಿ. 2025ರ ಜೂನ್ 4ರಂದು ಆರ್‌ಸಿಬಿ ಗೆಲುವಿನ ಸಂಭ್ರಮಕ್ಕೆ ಬಂದ 11 ಮಂದಿ ಪ್ರಾಣ ಬಿಟ್ಟದ್ದು ಗೇಟುಗಳ ಬಳಿಯ ನೂಕುನುಗ್ಗಲಿನಲ್ಲಿ. ಒಂದು ಭಯೋತ್ಪಾದನೆ, ಇನ್ನೊಂದು ಜನಸಂದಣಿ. ಎರಡೂ ಬೇರೆ ಬೇರೆ, ಆದರೆ ಜಾಗ ಒಂದೇ: ಗೇಟಿನ ಹೊರಗೆ.

ಪ್ಯಾರಿಸ್‌ನಲ್ಲೂ ಅದೇ ಕಥೆ. 2015ರ ನವೆಂಬರ್ 13ರಂದು ಸ್ಟಾಡ್ ದ ಫ್ರಾನ್ಸ್‌ನಲ್ಲಿ ಫ್ರಾನ್ಸ್ ಮತ್ತು ಜರ್ಮನಿ ಫುಟ್‌ಬಾಲ್ ಆಡುತ್ತಿದ್ದಾಗ ಮೂವರು ಆತ್ಮಾಹುತಿ ದಾಳಿಕೋರರು ಸ್ಟೇಡಿಯಂ ಹೊರಗೇ ಸ್ಫೋಟಿಸಿಕೊಂಡರು. ಅದೇ ಸ್ಟೇಡಿಯಂನಲ್ಲಿ 2022ರ ಮೇ 28ರಂದು ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್ ಅಭಿಮಾನಿಗಳು ಇಕ್ಕಟ್ಟಾದ ದಾರಿಯಲ್ಲಿ ತಪಾಸಣೆಗೆ ಸಿಕ್ಕಿ ಗಂಟೆಗಟ್ಟಲೆ ನಿಂತರು, ಮೇಲೆ ಅಶ್ರುವಾಯು ಬೇರೆ. ಪಂದ್ಯ ಅರ್ಧ ಗಂಟೆಗೂ ಹೆಚ್ಚು ತಡವಾಯಿತು. ಸ್ವತಂತ್ರ ತನಿಖಾ ವರದಿ ಮುಖ್ಯ ಹೊಣೆಯನ್ನು ಹೊರಿಸಿದ್ದು ಸಂಘಟಕರಾದ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಸಂಸ್ಥೆ) ಮೇಲೆ, ಅಭಿಮಾನಿಗಳ ಮೇಲಲ್ಲ.

ಇದರಲ್ಲಿ ಒಂದು ತೊಡಕಿದೆ. ಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಂಬ್‌ಗೆ ಹೆದರಿ ತಪಾಸಣೆ ಬಿಗಿ ಮಾಡಿದಷ್ಟೂ ಸಾಲು ಉದ್ದವಾಗುತ್ತದೆ. ಸಾಲು ಉದ್ದವಾದಷ್ಟೂ ಕಾಲ್ತುಳಿತದ ಭಯ ಜಾಸ್ತಿ. ಬಾಂಬ್ ಇಡುವವನಿಗೂ ಆ ಸಾಲೇ ಸಿಗುತ್ತದೆ. ಹಾಗಾಗಿ ‘ಭದ್ರತೆ’ಗೆ ಒಂದು ತಂಡ, ‘ಜನಸಂದಣಿ’ಗೆ ಇನ್ನೊಂದು ತಂಡ ಅಂತ ಬೇರೆ ಬೇರೆ ಕೋಣೆಯಲ್ಲಿ ಕೂರಿಸಬೇಡಿ. ಯುರೋಪಿನ ದೇಶಗಳು 2016ರಲ್ಲಿ ಸಾಂ-ದೆನಿಯಲ್ಲಿ, ಇದೇ ಸ್ಟೇಡಿಯಂ ಇರುವ ಊರಲ್ಲಿ, ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸುರಕ್ಷತೆ, ಭದ್ರತೆ, ಸೇವೆ ಮೂರನ್ನೂ ಒಟ್ಟಿಗೇ ಯೋಜಿಸಬೇಕು ಅನ್ನುವುದೇ ಅದರ ಸಾರ. ಸೇವೆ ಅಂದರೆ ನೀರು, ಶೌಚಾಲಯ, ದಾರಿ ತೋರಿಸುವ ಬೋರ್ಡು. ನಮ್ಮ ಸಭೆಗಳಲ್ಲಿ ಆ ಮೂರನೆಯದಕ್ಕೆ ಕುರ್ಚಿಯೇ ಇರುವುದಿಲ್ಲ.

ಗೇಟಿನ ಲೆಕ್ಕ

ಕಾಗದ ಪೆನ್ನು ತಗೊಳ್ಳಿ. ಇಂಗ್ಲೆಂಡಿನಲ್ಲಿ ಮೈದಾನಗಳ ಸುರಕ್ಷತೆಗೆ ಗ್ರೀನ್ ಗೈಡ್ ಅಂತ ಒಂದು ಕೈಪಿಡಿ ಇದೆ. ಒಂದು ತಿರುಗುಗೇಟಿನಲ್ಲಿ ಗಂಟೆಗೆ 660 ಜನಕ್ಕಿಂತ ಜಾಸ್ತಿ ಲೆಕ್ಕ ಹಿಡಿಯಬೇಡಿ ಅನ್ನುತ್ತದೆ ಅದು. ಅದು ಟಿಕೆಟ್ ತೋರಿಸಿ ಒಳಗೆ ಹೋಗುವ ವೇಗ. ನಮ್ಮಲ್ಲಿ ಮೈ ತಡವಿ ನೋಡಬೇಕು. ಒಬ್ಬರಿಗೆ ಹತ್ತು ಸೆಕೆಂಡ್ ಅಂದುಕೊಂಡರೂ ಗಂಟೆಗೆ 360 ಮಂದಿ. ಬ್ಯಾಗ್ ಇರುವ ಹೆಂಗಸರಿಗೆ ಹದಿನೈದು ಸೆಕೆಂಡ್ ಹಿಡಿಯಿರಿ, ಗಂಟೆಗೆ 240.

ಈಗ 30,000 ಜನರ ಸ್ಟೇಡಿಯಂ ಇದೆ ಅಂದುಕೊಳ್ಳಿ. ಅದರಲ್ಲಿ 6,000 ಹೆಂಗಸರು. ಗೇಟು ಮೂರು ಗಂಟೆ ಮುಂಚೆ ತೆರೆದರೂ ಜನ ಸಮವಾಗಿ ಹಂಚಿಕೊಂಡು ಬರುವುದಿಲ್ಲ. ಆಫೀಸು ಬಿಟ್ಟು, ಟ್ರಾಫಿಕ್ ದಾಟಿ, ಮೂರರಲ್ಲಿ ಎರಡು ಪಾಲು ಜನ ಕೊನೆಯ ಒಂದೂವರೆ ಗಂಟೆಯಲ್ಲೇ ಬರುತ್ತಾರೆ ಅಂತ ಹಿಡಿಯಿರಿ. ಗಂಡಸರು 16,000. ಅವರಿಗೆ ಸುಮಾರು 30 ತಪಾಸಣಾ ಸಾಲು ಬೇಕು. ಹೆಂಗಸರು 4,000. ಅವರಿಗೆ 12 ಸಾಲು ಬೇಕು. ಆದರೆ ಕೊಡುವುದು ಎಷ್ಟು? ಮಹಿಳಾ ಸಿಬ್ಬಂದಿ ಕಮ್ಮಿ ಅಂತ ನಾಲ್ಕು. ನಾಲ್ಕು ಸಾಲಿನಲ್ಲಿ ಒಂದೂವರೆ ಗಂಟೆಗೆ ಒಳಗೆ ಹೋಗುವವರು 1,440. ಟಾಸ್ ಮುಗಿದು ಮೊದಲ ಎಸೆತ ಬೀಳುವ ಹೊತ್ತಿಗೆ ಕಮ್ಮಿ ಅಂದರೂ 2,560 ಜನ ಹೊರಗೇ ಇರುತ್ತಾರೆ. ಜೊತೆಗೆ ಬಂದ ಗಂಡಂದಿರು, ಅಣ್ಣತಮ್ಮಂದಿರು ಒಳಗೆ ಹೋಗದೆ ಇವರಿಗಾಗಿ ಅಲ್ಲೇ ಕಾಯುತ್ತಾರೆ. ಅವರನ್ನು ಈ ಲೆಕ್ಕಕ್ಕೆ ನಾನು ಸೇರಿಸಿಯೇ ಇಲ್ಲ.

ಈ 2,560 ಜನ ಎಲ್ಲಿ ನಿಲ್ಲುತ್ತಾರೆ? ಒಂದು ಚದರ ಮೀಟರ್‌ಗೆ ಇಬ್ಬರಂತೆ ಹಿತವಾಗಿ ನಿಲ್ಲಿಸಿದರೆ 1,280 ಚದರ ಮೀಟರ್ ಜಾಗ ಬೇಕು. ಮೂರು ಮೀಟರ್ ಅಗಲದ ಫುಟ್‌ಪಾತ್ ಆದರೆ ನಾನೂರು ಮೀಟರ್‌ಗಿಂತ ಉದ್ದದ ಸಾಲು. ಅಷ್ಟು ಫುಟ್‌ಪಾತ್ ನಿಮ್ಮ ಹತ್ತಿರ ಇದೆಯಾ? ಮಧ್ಯೆ ಮರ, ಟ್ರಾನ್ಸ್‌ಫಾರ್ಮರ್, ಜೆರ್ಸಿ ಮಾರುವವರು ಎಲ್ಲ ಇರುತ್ತಾರಲ್ವಾ. ಈ ಪ್ರಶ್ನೆಯನ್ನು ಸಭೆಯಲ್ಲಿ ಅಂಕಿಸಂಖ್ಯೆ ಇಟ್ಟು ಕೇಳಿ. ‘ಮಹಿಳಾ ಸಿಬ್ಬಂದಿ ಸಾಲದು’ ಅಂದರೆ ತಲೆ ಆಡಿಸುತ್ತಾರೆ. ‘ಮೊದಲ ಎಸೆತದ ಹೊತ್ತಿಗೆ ಎರಡೂವರೆ ಸಾವಿರ ಹೆಂಗಸರು ರಸ್ತೆಯಲ್ಲಿರುತ್ತಾರೆ’ ಅಂದರೆ ಹೋಂಗಾರ್ಡ್ಸ್ ಮಹಿಳೆಯರನ್ನಾದರೂ ಕರೆಸುತ್ತಾರೆ.

ಮೆಟ್ರೊ ಬಂದ ಮೇಲೆ ಇನ್ನೊಂದು ಲೆಕ್ಕ ಸೇರಿದೆ. ಬಸ್ಸಿನಲ್ಲಿ ಜನ ಸ್ವಲ್ಪ ಸ್ವಲ್ಪವಾಗಿ ಬರುತ್ತಾರೆ. ಆರು ಬೋಗಿಯ ರೈಲು ತುಂಬಿ ಬಂದರೆ ಒಂದೇ ಏಟಿಗೆ ಸಾವಿರಕ್ಕೂ ಜಾಸ್ತಿ ಜನ ಮೆಟ್ಟಿಲು ಹತ್ತಿ ಬರುತ್ತಾರೆ. ಹಾಗಾಗಿ ಮೆಟ್ರೊದವರು ಸಭೆಯಲ್ಲಿ ಇರಲೇಬೇಕು. ಯಾವ ಸ್ಟೇಷನ್‌ನಲ್ಲಿ ರೈಲು ನಿಲ್ಲಿಸದೆ ಮುಂದೆ ಕಳಿಸಬೇಕು, ಆ ಮಾತನ್ನು ಯಾರು ಯಾರಿಗೆ ಫೋನ್ ಮಾಡಿ ಹೇಳಬೇಕು ಅಂತ ಮೊದಲೇ ಬರೆದಿಡಿ.

ಸಿಬ್ಬಂದಿಗೆ ದಟ್ಟಣೆ ಅಂದರೇನು ಅಂತ ಭಾಷಣ ಮಾಡಬೇಡಿ. ಬ್ರೀಫಿಂಗ್ ದಿನ, ಅಂದರೆ ಅವರವರ ಕೆಲಸ ವಿವರಿಸುವ ದಿನ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆಯಿರಿ. ಅದರೊಳಗೆ ಇಬ್ಬರನ್ನು ನಿಲ್ಲಿಸಿ. ಆಮೇಲೆ ನಾಲ್ಕು. ಆಮೇಲೆ ಆರು. ನಾಲ್ಕು ಜನಕ್ಕೆ ಇಕ್ಕಟ್ಟು ಗೊತ್ತಾಗುತ್ತದೆ. ಆರಕ್ಕೆ ಕೈ ಎತ್ತಿ ಮುಖ ಒರೆಸಿಕೊಳ್ಳುವುದೂ ಕಷ್ಟ. ಅಲ್ಲಿಂದ ಮುಂದೆ ಜನ ತಾವಾಗಿ ನಡೆಯುವುದಿಲ್ಲ, ನೀರಿನ ಹಾಗೆ ಅಲೆಯಲೆಯಾಗಿ ಹೊಯ್ದಾಡುತ್ತಾರೆ. ಗೇಟಿನಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಹೇಳಬೇಕಾದದ್ದು ಇಷ್ಟೇ: ಸಾಲಿನಲ್ಲಿರುವವರ ಕೈ ಕಾಣುತ್ತಿಲ್ಲ, ಬರೀ ತಲೆ ಕಾಣುತ್ತಿದೆ ಅಂದರೆ ತಕ್ಷಣ ವಾಕಿಟಾಕಿಯಲ್ಲಿ ಹೇಳು. ಆಗ ಹಿಂದಿನಿಂದ ಬರುವವರನ್ನು ದೂರದ ಜಂಕ್ಷನ್‌ನಲ್ಲೇ ತಡೆಯಬೇಕು. ಮುಂದೆ ನಿಂತವರನ್ನು ಲಾಠಿಯಲ್ಲಿ ಹಿಂದಕ್ಕೆ ತಳ್ಳಿದರೆ ಅವರಿಗೆ ಹೋಗಲು ಜಾಗವೇ ಇರುವುದಿಲ್ಲ.

ಹೆಂಗಸರ ಗೇಟಿನದ್ದೇ ಇನ್ನೊಂದು ಮಾತು. ‘ಏನು ತರಬಾರದು’ ಅನ್ನೋ ಪಟ್ಟಿಯನ್ನು ಟಿಕೆಟ್ ಮಾರುವಾಗಲೇ ಕೊಡಿ. ಪವರ್ ಬ್ಯಾಂಕ್, ಸೆಂಟ್ ಬಾಟಲಿ, ಚಿಲ್ಲರೆ ಕಾಸು, ಮಗುವಿನ ಹಾಲಿನ ಬಾಟಲಿ, ಮಾತ್ರೆ. ಇವುಗಳ ಬಗ್ಗೆ ಗೇಟಿನಲ್ಲಿ ವಾದ ಶುರುವಾದರೆ ಹದಿನೈದು ಸೆಕೆಂಡಿನ ಲೆಕ್ಕ ಎರಡು ನಿಮಿಷಕ್ಕೆ ಹೋಗುತ್ತದೆ. ಹಾಲಿನ ಬಾಟಲಿ, ಮಾತ್ರೆ ಬಿಡಬೇಕೋ ಬೇಡವೋ ಅನ್ನುವುದನ್ನು ಗೇಟಿನ ಹುಡುಗಿಯ ಮೇಲೆ ಹಾಕಬೇಡಿ. ಒಂದು ಸಾಲಿನಲ್ಲಿ ಬರೆದು ಕೈಗೆ ಕೊಡಿ. ಮಗು ಎತ್ತಿಕೊಂಡವರಿಗೆ, ವಯಸ್ಸಾದವರಿಗೆ, ಗಾಲಿಕುರ್ಚಿಯವರಿಗೆ ಪಕ್ಕದಲ್ಲಿ ಬೇರೆ ಗೇಟು ಬೇಕೇ ಬೇಕು. ಅದಕ್ಕೆ ಗಟ್ಟಿಯಾದವರನ್ನೇ ಹಾಕಿ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಯುರೋ ಫುಟ್‌ಬಾಲ್ ಫೈನಲ್‌ಗೆ ಟಿಕೆಟ್ ಇಲ್ಲದ ಸುಮಾರು 2,000 ಮಂದಿ ನುಗ್ಗಿದರು. ಅಂಗವಿಕಲರಿಗೆಂದು ಇಟ್ಟಿದ್ದ ದಾರಿಯನ್ನೂ ಅವರು ಬಿಡಲಿಲ್ಲ.

ಬಾಂಬು, ಬಸ್ಸು, ಹೋಟೆಲು

ಅಂತರರಾಷ್ಟ್ರೀಯ ಪಂದ್ಯಕ್ಕೂ ಊರಿನ ಪಂದ್ಯಕ್ಕೂ ಮುಖ್ಯ ವ್ಯತ್ಯಾಸ ಇಲ್ಲೇ. ವಿದೇಶಿ ತಂಡ ಅಂದರೆ ವಿಮಾನ ನಿಲ್ದಾಣ, ಹೋಟೆಲು, ಅಭ್ಯಾಸದ ಮೈದಾನ, ಸ್ಟೇಡಿಯಂ, ಇವುಗಳ ಮಧ್ಯದ ರಸ್ತೆ ಎಲ್ಲ ನಿಮ್ಮ ಹೊಣೆ. ಅವರ ಕಡೆಯ ಭದ್ರತಾ ಸಲಹೆಗಾರರು ಮುಂಚೆಯೇ ಬಂದು ನೋಡಿ ಹೋಗುತ್ತಾರೆ. ಅವರ ಪ್ರಶ್ನೆಗಳು ನೇರವಾಗಿರುತ್ತವೆ. ಹೋಟೆಲಿನ ಆ ಮಹಡಿಗೆ ಎಷ್ಟು ಮೆಟ್ಟಿಲು ದಾರಿ? ಹತ್ತಿರದ ಆಸ್ಪತ್ರೆಗೆ ಆ ಹೊತ್ತಿನ ಟ್ರಾಫಿಕ್‌ನಲ್ಲಿ ಎಷ್ಟು ನಿಮಿಷ? ಡ್ರೆಸ್ಸಿಂಗ್ ರೂಮಿನಿಂದ ಬಸ್ಸಿಗೆ ಇನ್ನೊಂದು ದಾರಿ ಇದೆಯಾ? ‘ಎಲ್ಲಾ ವ್ಯವಸ್ಥೆ ಆಗಿದೆ ಸಾರ್’ ಅಂದರೆ ನಡೆಯುವುದಿಲ್ಲ. ಗಡಿಯಾರ ಹಿಡಿದು ಒಂದು ಸಲ ಓಡಿಸಿ ನೋಡಿ, ಆಮೇಲೆ ಉತ್ತರ ಕೊಡಿ.

ಈ ಪ್ರಶ್ನೆಗಳು ಸುಮ್ನೆ ಹುಟ್ಟಿದ್ದಲ್ಲ. 2009ರ ಮಾರ್ಚ್ 3ರಂದು ಲಾಹೋರ್‌ನಲ್ಲಿ ಶ್ರೀಲಂಕಾ ತಂಡದ ಬಸ್ಸಿನ ಮೇಲೆ ದಾಳಿ ಆಯಿತು. ಅದು ಸ್ಟೇಡಿಯಂಗೆ ಹೋಗುವ ದಾರಿಯಲ್ಲಿ. ಬೆಂಗಾವಲಿನ ಪೊಲೀಸರು ಸತ್ತರು. ಬಸ್ ಚಾಲಕ ಮಾತ್ರ ಗಾಡಿ ನಿಲ್ಲಿಸದೆ ಗುಂಡುಗಳ ಮಧ್ಯೆಯೇ ಸ್ಟೇಡಿಯಂ ಒಳಗೆ ನುಗ್ಗಿಸಿದ. ಆಟಗಾರರು ಉಳಿದದ್ದು ಅದರಿಂದ. ಹಾಗಾಗಿ ಬ್ರೀಫಿಂಗ್‌ಗೆ ಬಸ್ ಚಾಲಕರನ್ನೂ ಕರೆಸಿ. ಏನೇ ಆದರೂ ನಿಲ್ಲಿಸಬೇಡ, ಎಲ್ಲಿಗೆ ಓಡಿಸಬೇಕು ಅಂತ ಅವರಿಗೆ ಹೇಳಿ. ಎರಡು ದಾರಿ ಇಟ್ಟುಕೊಳ್ಳಿ, ಯಾವುದು ಅಂತ ಹೊರಡುವಾಗ ತಿಳಿಸಿ. ಅಂಪೈರ್‌ಗಳ ಗಾಡಿಗೂ ಅಷ್ಟೇ ರಕ್ಷಣೆ ಕೊಡಿ. ಲಾಹೋರ್‌ನಲ್ಲಿ ಪಂದ್ಯದ ಅಧಿಕಾರಿಗಳ ವ್ಯಾನಿಗೂ ಗುಂಡು ಬಿದ್ದಿತ್ತು.

ಸ್ಟೇಡಿಯಂ ಒಳಗಿನ ಬಾಂಬ್ ತಪಾಸಣೆ ನಮ್ಮವರಿಗೆ ಚೆನ್ನಾಗಿ ಗೊತ್ತು. ಶ್ವಾನದಳ ಬರುತ್ತದೆ, ಬಾಂಬ್ ಪತ್ತೆ ದಳ ಬರುತ್ತದೆ, ಸೀಟು ಸೀಟು ನೋಡುತ್ತಾರೆ. ಎಡವಟ್ಟಾಗುವುದು ಆಮೇಲೆ. ತಪಾಸಣೆ ಮುಗಿದ ಮೇಲೆ ಐಸ್‌ಕ್ರೀಮ್ ಪೆಟ್ಟಿಗೆ ಬರುತ್ತದೆ, ಟಿವಿಯವರ ಕೇಬಲ್ ಟ್ರಂಕ್ ಬರುತ್ತದೆ, ಅಡುಗೆಯವರ ಪಾತ್ರೆ ಬರುತ್ತದೆ. ಸಾಮಾನಿನ ಗೇಟು ಒಂದೇ ಇರಲಿ. ತಪಾಸಣೆಯ ನಂತರ ಬಂದದ್ದೆಲ್ಲ ಮತ್ತೆ ನೋಡಿಯೇ ಒಳಗೆ ಹೋಗಲಿ.

ಮುಂದೇನಾಗಬಹುದು ಅಂತ ಊಹಿಸಿ ಬರೆಯುವ ಕೆಲಸವೂ ಇದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಮುಂಚೆ ಗೇಯೊರ್ಗ್ ಝೀಬರ್ ಅನ್ನುವ ಪೊಲೀಸ್ ಮನಶ್ಶಾಸ್ತ್ರಜ್ಞ 26 ಸನ್ನಿವೇಶ ಬರೆದು ಕೊಟ್ಟಿದ್ದ. ಅದರಲ್ಲಿ 21ನೆಯದು: ಬೆಳಗಿನ ಜಾವ ಶಸ್ತ್ರಧಾರಿಗಳು ಬೇಲಿ ಹಾರಿ ಇಸ್ರೇಲ್ ತಂಡದ ವಸತಿಗೆ ನುಗ್ಗುತ್ತಾರೆ, ಒಳಗಿದ್ದವರನ್ನು ಒತ್ತೆಯಾಳಾಗಿ ಹಿಡಿಯುತ್ತಾರೆ. ಸೆಪ್ಟೆಂಬರ್ 5ರಂದು ನಡೆದದ್ದು ಹೆಚ್ಚುಕಮ್ಮಿ ಅದೇ. ಇಸ್ರೇಲ್ ತಂಡದ 11 ಮಂದಿ ಸತ್ತರು. ಸಂಘಟಕರಿಗೆ ಹಿಟ್ಲರ್ ಕಾಲದ ಬರ್ಲಿನ್ ಒಲಿಂಪಿಕ್ಸ್‌ನ ನೆನಪು ಅಳಿಸುವ ಹಂಬಲ ಇತ್ತು, ಹಾಗಾಗಿ ಭದ್ರತೆ ಕಣ್ಣಿಗೆ ಬೀಳಬಾರದು ಅಂತಿದ್ದರು. ಅವರ ಆಸೆಯಲ್ಲಿ ತಪ್ಪಿಲ್ಲ ಬಿಡಿ. ಆದರೆ ಬರೆದಿಟ್ಟ ಸನ್ನಿವೇಶದ ಎದುರಿಗೆ, ಮೊದಲ ಹತ್ತು ನಿಮಿಷ ಯಾರ ಕೆಲಸ ಅಂತ ಒಂದು ಹೆಸರು ಇಲ್ಲದಿದ್ದರೆ ಆ ಪಟ್ಟಿ ಬೀರುವಿಗೆ ಹೋಗುತ್ತದೆ. ನೀವು 26 ಬರೆಯಬೇಕಿಲ್ಲ. ಆರು ಬರೆಯಿರಿ: ಗೇಟಿನಲ್ಲಿ ನೂಕುನುಗ್ಗಲು, ವಾರಸುದಾರರಿಲ್ಲದ ಬ್ಯಾಗು, ಕರೆಂಟ್ ಹೋಗುವುದು, ಜೋರು ಮಳೆ, ಸ್ಟ್ಯಾಂಡಿನಲ್ಲಿ ಬೆಂಕಿ, ಹೊರಗೆ ಸ್ಫೋಟ. ಪ್ರತಿಯೊಂದಕ್ಕೂ ಹುದ್ದೆ, ಹೆಸರು, ಮೊಬೈಲ್ ನಂಬರ್. ಮೇಜಿನ ಸುತ್ತ ಕೂತು ‘ಈಗ ಸಂಜೆ 7.10, ಕರೆಂಟ್ ಹೋಯ್ತು, ನೀವೇನು ಮಾಡ್ತೀರಿ?’ ಅಂತ ಒಬ್ಬೊಬ್ಬರನ್ನೇ ಕೇಳಿ. ಇಬ್ಬರು ‘ಅದು ಅವರ ಕೆಲಸ’ ಅಂತ ಪರಸ್ಪರ ಕೈ ತೋರಿಸಿದರೆ ನಿಮ್ಮ ಯೋಜನೆಯಲ್ಲಿನ ತೂತು ಅಲ್ಲಿದೆ.

ಬೇಡ ಅನ್ನುವ ಅಧಿಕಾರ

ಇಡೀ ಬಂದೋಬಸ್ತ್ ಸ್ಕೀಮಿನಲ್ಲಿ, ಅಂದರೆ ಬರೆದಿಟ್ಟ ಯೋಜನೆಯಲ್ಲಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪುಟ ಇದು, ಮತ್ತು ಸಾಮಾನ್ಯವಾಗಿ ಇಲ್ಲದ ಪುಟವೂ ಇದೇ. ಪಂದ್ಯವನ್ನು ತಡ ಮಾಡುವವರು ಯಾರು? ನಿಲ್ಲಿಸುವವರು ಯಾರು? ಗೇಟು ತೆರೆಯಿರಿ ಅನ್ನುವವರು ಯಾರು?

1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದಲ್ಲಿ ಹೊರಗಿನ ನೂಕುನುಗ್ಗಲು ತಡೆಯಲಾಗದೆ ಪೊಲೀಸರು ಹೊರಹೋಗುವ ಗೇಟೊಂದನ್ನು ತೆರೆದರು. ಹೊರಗಿನ ಒತ್ತಡ ಇಳಿಯಿತು. ಆದರೆ ಒಳಗೆ ನುಗ್ಗಿದ ಜನ ಎದುರಿಗಿದ್ದ ಸುರಂಗದ ದಾರಿ ಹಿಡಿದು, ಆಗಲೇ ತುಂಬಿಹೋಗಿದ್ದ, ಸುತ್ತ ಬೇಲಿ ಹಾಕಿ ಜನ ನಿಂತು ಆಟ ನೋಡುವ ಕಟ್ಟೆಗೆ ಹೋಗಿ ಸೇರಿದರು. 97 ಸಾವು. ಪಂದ್ಯದ ಆರಂಭವನ್ನೂ ಮುಂದೂಡಲಿಲ್ಲ. ಇದರಿಂದ ನಾನು ಒಂದು ನಿಯಮ ಮಾಡಿಕೊಂಡಿದ್ದೆ: ‘ಗೇಟು ತೆಗೆಯಿರಿ’ ಅನ್ನುವ ಆದೇಶ ಒಂದೇ ವಾಕ್ಯದಲ್ಲಿ ಬರಬಾರದು. ‘ಗೇಟು ತೆಗೆಯಿರಿ, ಜನರನ್ನು ಇಂಥ ಸ್ಟ್ಯಾಂಡಿಗೆ ಕಳಿಸಿ, ಇಂಥ ದಾರಿ ಮುಚ್ಚಿ’ ಅಂತ ಪೂರ್ತಿ ಬರಬೇಕು.

ಸ್ಟೇಡಿಯಂ ಖಾಲಿ ಮಾಡಿಸುವುದೇ ಯಾವಾಗಲೂ ಸರಿ ಅಂತಲೂ ತಿಳಿಯಬೇಡಿ. 2015ರಲ್ಲಿ ಪ್ಯಾರಿಸ್‌ನವರು ಆಟ ಮುಂದುವರಿಸಿದರು. ಹೊರಗೆ ಅಪಾಯ ಇದ್ದಾಗ ಒಳಗಿನವರನ್ನು ಒಳಗೇ ಇಟ್ಟರು. ಮುಗಿದ ಮೇಲೆ ಜನ ಮೈದಾನಕ್ಕೇ ಇಳಿದು ನಿಂತರು. ಬೆಂಗಳೂರಿನಲ್ಲಿ 2010ರಲ್ಲೂ ಪಂದ್ಯ ಸುಮಾರು ಒಂದು ಗಂಟೆ ತಡವಾಗಿ ನಡೆಯಿತು. ಆಮೇಲೆ ಇಲ್ಲಿ ಆಗಬೇಕಿದ್ದ ಸೆಮಿಫೈನಲ್‌ಗಳು ನವಿ ಮುಂಬೈನ ಡಿ.ವೈ. ಪಾಟೀಲ್ ಸ್ಟೇಡಿಯಂಗೆ ಹೋದವು. 2025ರ ದುರಂತದ ನಂತರ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಬೆಂಗಳೂರಿನಿಂದ ತಪ್ಪಿ ಹೋದದ್ದೂ ಅಲ್ಲಿಗೇ. ಆ ಫೈನಲ್‌ನಲ್ಲೇ ಭಾರತ ಗೆದ್ದಿತು, ನಾವು ಟಿವಿಯಲ್ಲಿ ನೋಡಿದೆವು. ಹೊಟ್ಟೆ ಉರಿಯಿತು ನಿಜ. ಆದರೆ ಅನುಮತಿ ಇಲ್ಲ ಅಂದರೆ ಪಂದ್ಯ ಇಲ್ಲ ಅನ್ನುವುದು ಭದ್ರತೆಯ ಕೆಲಸದ ಭಾಗವೇ.

ಒಂದನ್ನು ಮಾತ್ರ ಖಡಾಖಂಡಿತವಾಗಿ ಬರೆಯಿರಿ: ಸ್ಟ್ಯಾಂಡಿನ ಕಡೆಗೆ ಅಶ್ರುವಾಯು ಇಲ್ಲ. ಇಂಡೊನೇಷ್ಯಾದ ಕಂಜುರುಹಾನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ 2022ರ ಅಕ್ಟೋಬರ್ 1ರಂದು ಪೊಲೀಸರು ಅದನ್ನು ಹಾರಿಸಿದರು. ಜನ ಇಕ್ಕಟ್ಟಾದ ಬಾಗಿಲುಗಳಿಗೆ ಓಡಿದರು. 135 ಮಂದಿ ಸತ್ತರು. ಮೈದಾನದ ಅಂಚಿನಲ್ಲಿ ಕಾಯುವವರ ಬಳಿ ಅದು ಇರಲೇಬಾರದು ಅಂತ ಫಿಫಾ ನಿಯಮವೇ ಇದೆ.

ಬ್ರೀಫಿಂಗ್, ಊಟ, ಶೌಚಾಲಯ

ಖಾಸಗಿ ಗಾರ್ಡ್‌ಗಳನ್ನು ಕಾಗದದ ಮೇಲೆ ಎಣಿಸಬೇಡಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಗಾರ್ಡ್ ಕೊಡುತ್ತೇವೆಂದ ಜಿ-ಫೋರ್-ಎಸ್ ಕಂಪನಿ ಕ್ರೀಡಾಕೂಟ ಶುರುವಾಗಲು ಎರಡು ವಾರ ಇರುವಾಗ ಅಷ್ಟು ಜನ ಸಿಗುತ್ತಿಲ್ಲ ಅಂದಿತು. ಹೆಚ್ಚುವರಿಯಾಗಿ 3,500 ಸೈನಿಕರನ್ನು ಕರೆಸಬೇಕಾಯಿತು. ನಮ್ಮಲ್ಲೂ ಇನ್ನೂರು ಜನ ಬರುತ್ತಾರೆ ಅಂತ ಏಜೆನ್ಸಿ ಹೇಳಿದರೆ ಹಿಂದಿನ ದಿನವೇ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಎಣಿಸಿ. ಅವರಿಗೂ ಬ್ರೀಫಿಂಗ್ ಇರಲಿ, ಅವರ ಭಾಷೆಯಲ್ಲಿ. ಗೇಟಿನ ಹುಡುಗ ಅಸ್ಸಾಂನವನಾದರೆ ಕನ್ನಡದಲ್ಲಿ ಅರ್ಧ ಗಂಟೆ ಹೇಳಿ ಪ್ರಯೋಜನ ಏನು?

ಅದೇ ಗಾರ್ಡ್ ಹೇಳಿದ್ದನ್ನು ಕೇಳಿಸಿಕೊಳ್ಳುವ ದಾರಿಯೂ ಇರಬೇಕು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ ಪಾರ್ಕಿನಲ್ಲಿ ಬೆಂಚಿನ ಕೆಳಗಿನ ಬಾಂಬ್ ಇದ್ದ ಬ್ಯಾಗು ಗಮನಿಸಿ ಹೇಳಿದವನು ರಿಚರ್ಡ್ ಜುವೆಲ್ ಅನ್ನುವ ಒಬ್ಬ ಗಾರ್ಡ್. ಜನರನ್ನು ದೂರ ಸರಿಸಿದ್ದರಿಂದ ಅನೇಕರು ಉಳಿದರು.

ವಾಕಿಟಾಕಿ ಬಗ್ಗೆ: ಕೊಹ್ಲಿ ಬ್ಯಾಟಿಂಗ್‌ಗೆ ಇಳಿದಾಗ ಸೆಟ್ಟಿನಲ್ಲಿ ಏನೂ ಕೇಳಿಸುವುದಿಲ್ಲ. ಮೊಬೈಲ್ ನೆಟ್‌ವರ್ಕ್ ಸತ್ತಿರುತ್ತದೆ. ಗೇಟಿಗೆ ಒಂದು ಕೈ ಮೈಕು, ಸ್ಟೇಡಿಯಂನ ಒಂದೊಂದು ಭಾಗಕ್ಕೆ (ಸೆಕ್ಟರ್‌ಗೆ) ಓಡಿ ಸುದ್ದಿ ಮುಟ್ಟಿಸುವ ಒಬ್ಬ ಹುಡುಗ ಇರಲಿ. ಆಂಬುಲೆನ್ಸ್‌ನವರು, ಅಗ್ನಿಶಾಮಕದವರು, ಬೆಸ್ಕಾಂನವರು, ಸಂಘಟಕರು ಎಲ್ಲರ ಒಬ್ಬೊಬ್ಬ ಪ್ರತಿನಿಧಿ ಒಂದೇ ಕಂಟ್ರೋಲ್ ರೂಮಿನಲ್ಲಿ ಕೂರಲಿ.

ಇನ್ನು ಊಟ. ಸಂಜೆ ಏಳೂವರೆ ಪಂದ್ಯಕ್ಕೆ ಸಿಬ್ಬಂದಿಯನ್ನು ಬೆಳಿಗ್ಗೆ ಹತ್ತಕ್ಕೇ ನಿಲ್ಲಿಸುತ್ತಾರೆ. ಪಂದ್ಯ ಬಿಡುವುದು ರಾತ್ರಿ ಹನ್ನೊಂದೂವರೆಗೆ. ಮಧ್ಯಾಹ್ನದ ಪುಳಿಯೋಗರೆ ಪೊಟ್ಟಣ ಸಂಜೆ ನಾಲ್ಕಕ್ಕೆ ಬರುತ್ತದೆ. ಹೆಣ್ಣುಮಕ್ಕಳು ಶೌಚಾಲಯ ಸಿಗುವುದಿಲ್ಲ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇಂಥ ಸಿಬ್ಬಂದಿ ರಾತ್ರಿ ಹನ್ನೊಂದಕ್ಕೆ ಜನರ ಮೇಲೆ ರೇಗಿದರೆ ಆಶ್ಚರ್ಯವೇ? ಎರಡು ಪಾಳಿ ಮಾಡಿ. ಆಗದಿದ್ದರೆ ಪಂದ್ಯ ನಡೆಯುವ ಹೊತ್ತಿನಲ್ಲಿ ಅರ್ಧ ಜನಕ್ಕೆ ಒಂದು ಗಂಟೆ ಕೂರಲು ಬಿಡಿ. ಸ್ಕೀಮಿನಲ್ಲೇ ಬರೆಯಿರಿ: ಊಟ ಇಷ್ಟು ಗಂಟೆಗೆ, ಮೊಬೈಲ್ ಟಾಯ್ಲೆಟ್ ಇಂಥ ಕಡೆ.

ಜನರಿಗೆ ಹೇಳುವುದು

ಪಾಸ್ ಉಚಿತವೋ ಅಲ್ಲವೋ, ಮೆರವಣಿಗೆ ಇದೆಯೋ ಇಲ್ಲವೋ, ಯಾವ ಗೇಟು, ಎಷ್ಟು ಗಂಟೆ. 2025ರ ಜೂನ್ 4ರಂದು ಈ ವಿಷಯಗಳಲ್ಲೇ ಗೊಂದಲ ಇತ್ತು. ಸೋಶಿಯಲ್ ಮೀಡಿಯಾ ಪೋಸ್ಟ್ ನೋಡಿ ಜನ ಹೊರಟರು. ಪೊಲೀಸರ, ಸಂಘಟಕರ, ತಂಡದ ಮೂರೂ ಖಾತೆಗಳಲ್ಲಿ ಒಂದೇ ಒಕ್ಕಣೆ, ಒಂದೇ ಹೊತ್ತಿಗೆ ಹೋಗಬೇಕು. ಪೊಲೀಸರು ಒಪ್ಪುವ ತನಕ ಪೋಸ್ಟ್ ಹಾಕಬಾರದು ಅನ್ನುವುದನ್ನು ಅನುಮತಿಯ ಷರತ್ತಾಗಿ ಸೇರಿಸಿ. ಸ್ಟೇಡಿಯಂ ತುಂಬಿದರೆ ‘ತುಂಬಿದೆ, ಬರಬೇಡಿ’ ಅನ್ನುವ ಪೋಸ್ಟ್ ಮೊದಲೇ ಬರೆದು ಇಟ್ಟಿರಿ. ಆ ಹೊತ್ತಿನಲ್ಲಿ ಕೂತು ಬರೆಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಬಿಡುವಾಗ

ಒಳಗೆ ಬರಲು ಮೂರು ಗಂಟೆ ತೆಗೆದುಕೊಂಡವರು ಹೊರಗೆ ಹೋಗುವುದು ಕೆಲವೇ ನಿಮಿಷಗಳಲ್ಲಿ. ಗ್ರೀನ್ ಗೈಡ್ ಪ್ರಕಾರ ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ದಾಟಬಹುದು. ನಾಲ್ಕು ಮೀಟರ್ ಗೇಟಿನಲ್ಲಿ ಎಂಟು ನಿಮಿಷಕ್ಕೆ ಸುಮಾರು 2,600. ನಿಮ್ಮ ಎಲ್ಲಾ ಗೇಟುಗಳ ಅಗಲವನ್ನು ಟೇಪ್ ಹಿಡಿದು ಅಳೆದು ಕೂಡಿ ನೋಡಿ. ಅರ್ಧ ಬಾಗಿಲು ತೆರೆದ ಗೇಟು ಅರ್ಧ ಗೇಟೇ. ಕೊನೆಯ ಐದು ಓವರ್ ಇರುವಾಗಲೇ ಬೀಗ ತೆಗೆದು, ಬ್ಯಾರಿಕೇಡ್ ಸರಿಸಿ, ಕೀಲಿ ಹಿಡಿದವನು ಗೇಟಿನಲ್ಲೇ ನಿಲ್ಲಬೇಕು.

ಮಾರನೆಯ ದಿನ ಡಿಬ್ರೀಫಿಂಗ್ (ಏನೇನಾಯಿತು ಅಂತ ಕೇಳುವ ಸಭೆ) ಕರೆದರೆ ಎಲ್ಲರೂ ‘ಶಾಂತಿಯುತವಾಗಿ ನಡೆಯಿತು’ ಅನ್ನುತ್ತಾರೆ. ಹಾಗಾಗಿ ಸಿಬ್ಬಂದಿ ಮನೆಗೆ ಹೋಗುವ ಮುಂಚೆ ಪ್ರತಿ ಗೇಟಿನವರಿಂದ ಒಂದು ಹಾಳೆ ಬರೆಸಿಕೊಳ್ಳಿ: ಸಾಲು ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿಯವರೆಗೆ ಬೆಳೆಯಿತು, ಯಾವಾಗ ಕರಗಿತು, ಯಾವ ಸಾಮಾನು ಜಾಸ್ತಿ ಸಿಕ್ಕಿತು, ಸೆಟ್ಟು ಯಾವಾಗ ಕೈಕೊಟ್ಟಿತು. ಒಂದು ಪ್ರತಿ ಠಾಣೆಯ ಫೈಲಿಗೆ, ಇನ್ನೊಂದು ಕ್ರೀಡಾ ಸಂಸ್ಥೆಗೆ ಕೊಡಿ. ಮುಂದಿನ ಪಂದ್ಯದ ಸಭೆಗೆ ಬರುವಾಗ ವಿಐಪಿ ಪಾಸಿನ ಪಟ್ಟಿಗಿಂತ ಮೊದಲು ಆ ಹಾಳೆಗಳನ್ನು ಮೇಜಿನ ಮೇಲೆ ಇಡಿ.